ಶಾಲಾನಿವಾಸಗಳ ಜೀರ್ಣೋದ್ಧಾರವೂ ಸೀಸದ ಬಣ್ಣವೂ

ಹಳೆಯ ಕಟ್ಟಡವನ್ನು ಕೆಡಹದೆ ನೂತನಗೊಳಿಸುವುದನ್ನು ಹಿರಿಯರು ಪುಣ್ಯಕಾರ್ಯವೆಂದೆಣಿಸಿದರು. ಆದರೆ ಆ ಕಾರ್ಯದಲ್ಲಿಯೇ ಮಕ್ಕಳಿಗೆ ವಿಷವುಣಿಸುವ ಪ್ರಮಾದವು ಅಡಗಿರಬಹುದೆಂಬುದನ್ನು ಸೀಸದ ಬಣ್ಣದ ಇತಿಹಾಸವು ತೋರಿಸಿಕೊಟ್ಟಿರುವುದು.

ಸೀಸವು ಪ್ರಾಚೀನರಿಗೆ ಅಪರಿಚಿತವಾದ ಲೋಹವಲ್ಲ. ರಸಶಾಸ್ತ್ರಜ್ಞರು ಇದನ್ನು ನಾಗವೆಂದು ಕರೆದು, ಶೋಧನೆಯಿಲ್ಲದೆ ಔಷಧಕ್ಕೆ ಬಳಸಲಾಗದೆಂದು ವಿಧಿಸಿದರು. ಆದರೂ ಎಣ್ಣೆಬಣ್ಣದ ಬಳಕೆಯು ಹಬ್ಬಿದಂತೆ, ಸೀಸದ ಬಿಳುಪನ್ನೂ ಸಿಂಧೂರವನ್ನೂ ಅಗಸೆಯೆಣ್ಣೆಯಲ್ಲಿ ಕಲಸಿ ಬಾಗಿಲು, ಕಿಟಕಿ, ಕಂಬಿಗಳಿಗೆ ಹಚ್ಚುವ ರೂಢಿಯು ಬಾಳಿಕೆಯ ಆಸೆಯಿಂದ ದೇಶದೇಶಗಳಲ್ಲಿ ಬೆಳೆಯಿತು. 1904ರಲ್ಲಿ ಆಸ್ಟ್ರೇಲಿಯದ ಬ್ರಿಸ್ಬೇನ್ ನಗರದ ವೈದ್ಯರಾದ ಲಾಕ್‌ಹಾರ್ಟ್ ಗಿಬ್ಸನ್ನರು, ಮಕ್ಕಳ ಸೀಸವಿಷಕ್ಕೆ ಮನೆಯ ಗೋಡೆ ಮತ್ತು ಮೊಗಸಾಲೆಯ ಕಟಾಂಜನದ ಬಣ್ಣವೇ ಮೂಲವೆಂದು ಸಾರಿದರು. 1921ರಲ್ಲಿ ಜಿನೀವಾದಲ್ಲಿ ನೆರೆದ ಅಂತರರಾಷ್ಟ್ರೀಯ ಕಾರ್ಮಿಕ ಸಮ್ಮೇಳನವು ಕಟ್ಟಡಗಳ ಒಳಭಾಗಕ್ಕೆ ಸೀಸದ ಬಿಳುಪನ್ನು ಹಚ್ಚುವುದನ್ನು ನಿಷೇಧಿಸುವ ಒಡಂಬಡಿಕೆಯನ್ನು ಅಂಗೀಕರಿಸಿತು. ಭಾರತದಲ್ಲಿಯಾದರೋ 2016ರ ನಿಯಮಗಳು 2017ರ ನವೆಂಬರಿನಿಂದ ಜಾರಿಗೆ ಬಂದು, ಮನೆಬಳಕೆಯ ಬಣ್ಣದಲ್ಲಿ ಸೀಸವು ಹತ್ತು ಲಕ್ಷ ಭಾಗಗಳಲ್ಲಿ 90ನ್ನು ಮೀರಕೂಡದೆಂದು ಕಟ್ಟಳೆಯಾಯಿತು. ಆದುದರಿಂದ ಅದಕ್ಕೆ ಹಿಂದಿನ ಎಣ್ಣೆಬಣ್ಣವೆಲ್ಲವೂ ಪರೀಕ್ಷಾರ್ಹವಾದುದು.

ಹಳಿಯಾಳ, ದಾಂಡೇಲಿ, ಜೋಯಿಡಾ, ಮುಂಡಗೋಡಗಳ ಸೀಮೆಯು 1862ರಲ್ಲಿ ಮುಂಬಯಿ ಇಲಾಖೆಗೆ ಸೇರಿದ ಉತ್ತರ ಕನ್ನಡದ ಭಾಗವು; ಸಾಗುವಾನಿಗೆ ಹೆಸರಾದ ಕಾಡುನಾಡು. ತರುವಾಯ ದಾಂಡೇಲಿಯಲ್ಲಿ ಕಾಗದದ ಕಾರ್ಖಾನೆಯೂ, 1966ರಲ್ಲಿ ಮುಂಡಗೋಡದ ಬಳಿ ಟಿಬೇಟೀಯರ ವಸತಿಯೂ ನೆಲೆಗೊಂಡವು. ಕಾಳೀನದಿಯ ಜಲಾಶಯದಲ್ಲಿ ಸೂಪಾ ಗ್ರಾಮವು ಮುಳುಗಲು ಜೋಯಿಡಾ ತಾಲೂಕಿನ ಮುಖ್ಯಸ್ಥಳವಾಯಿತು. ಹೀಗೆ ಬೇರೆಬೇರೆ ಕಾಲಗಳಲ್ಲಿ ಜನವಸತಿ ಬೆಳೆದ ಈ ನಾಡಿನಲ್ಲಿ ಹಳೆಯ ಶಾಲಾನಿವಾಸಗಳ ಮರಗೆಲಸವನ್ನು ಸಂಶಯದಿಂದಲೇ ನೋಡತಕ್ಕದ್ದು. ಮಳೆಯ ತೇವಕ್ಕೆ ಹಳೆಯ ಬಣ್ಣವು ಹಕ್ಕಳೆಯೆದ್ದು ಉದುರುವುದು. ಆ ಧೂಳು ಮಕ್ಕಳ ಕೈಯಿಂದ ಬಾಯಿಗೆ ಸೇರಿ ಮೆದುಳಿನ ಬೆಳವಣಿಗೆಯನ್ನು ಕುಂದಿಸುವುದು.

ಭದ್ರವಾಗಿ ಅಂಟಿರುವ ಬಣ್ಣವನ್ನು ಕೆರೆಯದೆ ಮೇಲೆ ಹೊಸ ಬಣ್ಣವನ್ನು ಹಚ್ಚುವುದೇ ಲೇಸು. ತೆಗೆಯಲೇಬೇಕಾದಲ್ಲಿ, ಮಕ್ಕಳು ಬೇಸಗೆಯ ರಜೆಗೆ ಊರಿಗೆ ಹೋದ ಮೇಲೆ, ಪಾತ್ರೆ ಹಾಸಿಗೆಗಳನ್ನು ಹೊರಸಾಗಿಸಿ, ನೆಲಕ್ಕೆ ಪ್ಲಾಸ್ಟಿಕ್ ಹಾಳೆಯನ್ನು ಹಾಸಿ, ಬಣ್ಣವನ್ನು ನೀರಿನಿಂದ ನೆನೆಸಿ ಕೆರೆಯಬೇಕು. ಒಣಗಿದುದನ್ನು ಉಜ್ಜಬಾರದು, ಜ್ವಾಲೆಯಿಂದ ಸುಡಬಾರದು, ಪೊರಕೆಯಿಂದ ಗುಡಿಸದೆ ಒದ್ದೆಬಟ್ಟೆಯಿಂದ ಒರೆಸಬೇಕು. ಕೆಲಸಗಾರರು ಸೂಕ್ಷ್ಮಧೂಳನ್ನು ತಡೆಯುವ ಮುಖಗವಸನ್ನು ಧರಿಸಿ, ಕೈ ತೊಳೆದ ಹೊರತು ಉಣ್ಣಬಾರದು. ಕೆರೆದ ಚೂರುಗಳನ್ನು ಚೀಲದಲ್ಲಿ ಬಿಗಿದು, ಬಾವಿಗೂ ತೋಟಕ್ಕೂ ಸೇರದಂತೆ ಇರಿಸಿ, ಅಪಾಯಕರ ಕಸವನ್ನು ವಿಲೇವಾರಿ ಮಾಡುವವರಿಗೆ ಒಪ್ಪಿಸಬೇಕು. ಮುಖ್ಯವಾಗಿ, ಬಣ್ಣ ಬಳಿದ ಹಳೆಯ ಬಾಗಿಲುಗಳನ್ನು ಪ್ರಸಾದದ ಅಡುಗೆಯ ಒಲೆಗೆ ಸೌದೆಯಾಗಿ ಇಡಲೇಬಾರದು. ಆ ಹೊಗೆಯೂ ಬೂದಿಯೂ ವಿಷವೇ.

ದಾಸೋಹದ ಮನೆಯಲ್ಲಿ ಅನ್ನದಷ್ಟೇ ಗಾಳಿಯೂ ನೆಲವೂ ಶುದ್ಧವಾಗಿರಬೇಕು. ಗೋಡೆ ಹೊಳೆಯುವುದಕ್ಕಿಂತ ಅದರೊಳಗಿನ ಮಕ್ಕಳು ನಿರೋಗಿಗಳಾಗಿ ಬೆಳೆಯುವುದೇ ನಿಜವಾದ ಜೀರ್ಣೋದ್ಧಾರವು.