ತೆನೆಗೆ ತೆನೆ ಕಟ್ಟಿದವರು

ರಾಗಿಗೆ ಸಂಬಂಧ ಕೂಡಿಸುವಷ್ಟು ಕಷ್ಟದ ಕೆಲಸ ಬೇರೊಂದಿಲ್ಲ. ಅದರ ಹೂವು ಕಣ್ಣಿಗೆ ನೆಟ್ಟಗೆ ಕಾಣುವುದೂ ಇಲ್ಲ. ಊರು ಏಳುವ ಮೊದಲೇ, ನಸುಕಿನಲ್ಲಿ ಬಿರಿದು ತನ್ನ ಪರಾಗವನ್ನು ತಾನೇ ಹಚ್ಚಿಕೊಂಡು ಕೆಲಸ ಮುಗಿಸಿರುತ್ತದೆ. ಭತ್ತದ ಹಾಗೆ ಚಿಮಟ ಹಿಡಿದು ಕೇಸರ ಕೀಳೋಣವೆಂದರೆ ಒಂದೊಂದು ಇಲುಕಿಗೂ ಅರ್ಧ ದಿನ ಬೇಕು.

ಮೈಸೂರು ಸಂಸ್ಥಾನದಲ್ಲಿ ರಾಗಿ ಸುಧಾರಣೆಗೆ ಕೈಹಾಕಿದವರು ಕೆನಡಾದ ಲೆಸ್ಲಿ ಕೋಲ್ಮನ್. 1908ರಲ್ಲಿ ಇಲ್ಲಿಗೆ ಬಂದು, 1913ರಲ್ಲಿ ಕೃಷಿ ಇಲಾಖೆಯ ನಿರ್ದೇಶಕರಾದರು. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವುದನ್ನು ಕಲಿಸಿದವರೂ ಅವರೇ. ಮಲೆನಾಡಿನ ತೋಟದವರು ಅವರನ್ನು ನೆನೆಯುವುದು ಅದಕ್ಕೆ. ರಾಗಿಯಲ್ಲಿ ಆಗ ನಡೆದದ್ದು ಹೆಚ್ಚಾಗಿ ಆಯ್ಕೆ: ಹೆಬ್ಬಾಳದ ಹೊಲದಲ್ಲಿ ಒಳ್ಳೆಯ ತೆನೆ ಆರಿಸಿ, ಬಿತ್ತಿ, ಮತ್ತೆ ಆರಿಸುವುದು. ಎಚ್-22 ಬಂದದ್ದು ಆ ದಾರಿಯಲ್ಲಿ.

ಸಂಬಂಧ ಕೂಡಿಸಿ ಗೆದ್ದವರು ಮಂಡ್ಯದ ವಿ.ಸಿ. ಫಾರಂನ ಲಕ್ಷ್ಮಣಯ್ಯನವರು. ಜನ ಅವರನ್ನು ರಾಗಿ ಬ್ರಹ್ಮ ಎಂದು ಕರೆದರು. ಸಂಪರ್ಕ ವಿಧಾನ ಎಂದು ಹೇಳುವ ಉಪಾಯ ಸರಳ. ಹೂ ಬಿರಿಯುವ ಮುನ್ನ ತಾಯಿ ತೆನೆ, ತಂದೆ ತೆನೆ ಎರಡನ್ನೂ ಮೈಗೆ ಮೈ ತಾಗುವಂತೆ ಕಟ್ಟಿ ಚೀಲ ಹೊದಿಸುವುದು. ನೂರಾರು ಹೂವಿನಲ್ಲಿ ಎಲ್ಲೋ ಕೆಲವಕ್ಕೆ ಹೊರಗಿನ ಪರಾಗ ತಾಗುತ್ತದೆ. ಅವು ಯಾವುವೆಂದು ಗೊತ್ತಾಗುವುದು ಹೇಗೆ? ತಾಯಿ ಹಸಿರು ಗೆಣ್ಣಿನದು, ತಂದೆ ನೇರಳೆ ಗೆಣ್ಣಿನದು ಆಗಿದ್ದರೆ ಸಾಕು. ನೇರಳೆ ಬಣ್ಣದ ಗುಣ ಪ್ರಬಲವಾದ್ದರಿಂದ, ಹಸಿರು ತಾಯಿಯ ಬೀಜ ಮಡಿಯಲ್ಲಿ ಮೊಳೆತಾಗ ನೇರಳೆ ಬಣ್ಣ ತೋರಿದ ಸಸಿಯೇ ಮಿಶ್ರತಳಿ. ಉಳಿದದ್ದನ್ನು ಕಿತ್ತು ಬಿಸಾಡಬಹುದು. ಮೆಂಡೆಲನ ಪಾಠ ಇಷ್ಟು ಅಗ್ಗವಾಗಿ ಹೊಲಕ್ಕಿಳಿದದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಮೊದಲು ಅರುಣ, ಉದಯ, ಪೂರ್ಣ, ಅನ್ನಪೂರ್ಣ, ಕಾವೇರಿ, ಶಕ್ತಿ ತಳಿಗಳು ಬಂದವು. ಆಮೇಲೆ ಅವರು ಆಫ್ರಿಕದ ರಾಗಿ ತಂದು ನಮ್ಮದರೊಂದಿಗೆ ಕೂಡಿಸಿದರು. ಆಫ್ರಿಕದ್ದಕ್ಕೆ ದಪ್ಪ ಕಡ್ಡಿ, ದೊಡ್ಡ ತೆನೆ. 1970ರ ದಶಕದಿಂದ ಬಂದ ಇಂಡಾಫ್ ಸಾಲಿನ ತಳಿಗಳು ಇವೇ. ನಾನು ಹೊನ್ನಾಳಿ ತಾಲ್ಲೂಕಿನಲ್ಲಿ ಕೃಷಿ ಸಹಾಯಕನಾಗಿ ಇಂಡಾಫ್ ಬೀಜದ ಚೀಲ ಹೊತ್ತವನು, ಊರು ಗೋವಿನಕೋವಿ. ಹಂಚುವಾಗ ಹಿರಿಯರೊಬ್ಬರು, ‘ತೆನಿ ಚಲೋ ಐತಿ ಕಣಪ್ಪ, ಹುಲ್ಲು ಮಾತ್ರ ದನ ಮೂಸಂಗಿಲ್ಲ’ ಎಂದಿದ್ದರು. ತಳಿ ಕಟ್ಟುವವರು ಕಾಳು ತೂಗುತ್ತಾರೆ, ರೈತ ಬಣವೆಯನ್ನೂ ತೂಗುತ್ತಾನೆ. ಆ ಹಿರಿಯರು ಮರುವರ್ಷ ಚೀಲ ಕೇಳಲು ತಾವಾಗಿಯೇ ಬಂದರು ಎನ್ನುವುದು ಬೇರೆ ಮಾತು.

ಇಷ್ಟಕ್ಕೂ ಮಂಡ್ಯದಲ್ಲಿ ತೆನೆ ಬದಲಾಯಿತೇ ಹೊರತು ಎಲೆಯ ಮೂಲ ವ್ಯವಸ್ಥೆ ಬದಲಾಗಲಿಲ್ಲ. ಬದಲಾಗಬೇಕಾದ ಅಗತ್ಯವೂ ಇರಲಿಲ್ಲ ಎನ್ನುವುದು ತಿಳಿದದ್ದು ದೂರದೂರಿನಲ್ಲಿ. 1965ರಲ್ಲಿ ಹವಾಯಿಯ ವಿಜ್ಞಾನಿಗಳು ಕಬ್ಬಿನ ಎಲೆಯಲ್ಲಿ ಇಂಗಾಲ ಮೊದಲು ನಾಲ್ಕು ಇಂಗಾಲದ ಆಮ್ಲವಾಗಿ ಸೇರುತ್ತದೆ ಎಂದು ಬರೆದರು. ಮರುವರ್ಷ ಆಸ್ಟ್ರೇಲಿಯದ ಹ್ಯಾಚ್, ಸ್ಲ್ಯಾಕ್ ಇಬ್ಬರೂ ಅದರ ಸರಣಿ ಬಿಡಿಸಿದರು. ರಾಗಿ, ಜೋಳ, ಮೆಕ್ಕೆಜೋಳ ಎಲ್ಲವೂ ಇದೇ ಸಿ-4 ಗುಂಪಿಗೆ ಸೇರಿದವು. ಭತ್ತ, ಅಡಿಕೆ ಸಿ-3. ಭತ್ತದ ಎಲೆಯಲ್ಲಿ ಇಂಗಾಲದ ಡೈಆಕ್ಸೈಡ್ ಹಿಡಿಯುವ ರುಬಿಸ್ಕೊ ಕಿಣ್ವ ಬಿಸಿಲು ಏರಿದಂತೆ ಆಮ್ಲಜನಕವನ್ನೂ ಹಿಡಿದುಕೊಂಡು ಗಳಿಸಿದ್ದರಲ್ಲಿ ಒಂದಷ್ಟು ಕಳೆದುಬಿಡುತ್ತದೆ. ರಾಗಿ ಎಲೆಯ ಹೊರಗಿನ ಜೀವಕೋಶಗಳು ಡೈಆಕ್ಸೈಡನ್ನು ಆಮ್ಲವಾಗಿಸಿ, ನರಗಳ ಸುತ್ತ ಹೆಣೆದ ಕೋಶಗಳಿಗೆ ಸಾಗಿಸುತ್ತವೆ. ಅಲ್ಲಿ ಅದು ದಟ್ಟವಾಗಿ ಬಿಡುಗಡೆಯಾಗುವುದರಿಂದ ರುಬಿಸ್ಕೊ ಎಡವುವುದು ಕಡಿಮೆ. ಪತ್ರರಂಧ್ರಗಳನ್ನು ಅಷ್ಟು ತೆರೆಯಬೇಕಿಲ್ಲ, ನೀರೂ ಉಳಿಯುತ್ತದೆ.

ಆ 1965ರ ಹೊತ್ತಿಗೇ ಭದ್ರಾ ಅಣೆಕಟ್ಟೆಯ ಕಾಮಗಾರಿ ಮುಗಿದಿತ್ತು. ಹೊನ್ನಾಳಿ, ಚನ್ನಗಿರಿಯ ಅಚ್ಚುಕಟ್ಟಿನಲ್ಲಿ ಭತ್ತ ಬಂತು, ಆಮೇಲೆ ತೋಟ. ನೀರು ಉಳಿಸುವ ಎಲೆ ಹೊಲ ಬಿಟ್ಟಿತು, ನೀರು ಕುಡಿಯುವ ಎಲೆ ಕೂತಿತು. ಇದು ರೈತರ ದಡ್ಡತನವಲ್ಲ. ನಾಲೆ ನೀರು ಹರಿಯುವಾಗ ಅಕ್ಕಿಯ ದುಡ್ಡು ಬಿಡುವವರು ಯಾರು? ಮಳೆ ನಂಬಿದ ಹೊಲಗಳನ್ನು ಆಮೇಲೆ ಮೆಕ್ಕೆಜೋಳ ಹಿಡಿಯಿತು. ಅದೂ ಸಿ-4, ಆದರೆ ಕೋಳಿ ಮೇವಿನ ಪೇಟೆಯ ಬೆಂಬಲ ಇದ್ದದ್ದು. ಜಗಳೂರಿನ ಕಡೆಯೂ ಅದೇ ಕತೆ.

ನಮ್ಮಲ್ಲಿ ಉಳಿದದ್ದು ಗುಳಿ ರಾಗಿ, ಹೊಳೆಯಾಚೆಯ ಹಾವೇರಿ ಸೀಮೆಯವರ ಜಾಣ್ಮೆ. ಸಾಲಿಗೆ ಅಡ್ಡಸಾಲು ಕೂಡಿದಲ್ಲಿ ಗುಳಿ, ಗುಳಿಗೆ ಗೊಬ್ಬರ, ಎರಡು ಸಸಿ. ಬೇರು ಬಿಟ್ಟ ಮೇಲೆ ಮೇಲಿಂದ ಹಗುರಾಗಿ ಕೊರಡು ಎಳೆಯುತ್ತಾರೆ. ಸಸಿ ಬಾಗಿ, ಬುಡದಿಂದ ತೆಂಡೆ ಒಡೆಯುತ್ತದೆ. ಎರಡೂ ಕಡೆಯಿಂದ ಎಡೆಕುಂಟೆ ಹೊಡೆಯಬಹುದಾದ್ದರಿಂದ ಕಳೆಯ ಕೂಲಿ ಉಳಿತಾಯ. ಎಲೆ ಹೆಚ್ಚಿದಷ್ಟೂ ಬಿಸಿಲು ಹೆಚ್ಚು ಹಿಡಿಯುತ್ತದೆ, ಅದಕ್ಕೆ ಯಾವ ಪ್ರಯೋಗಾಲಯವೂ ಬೇಕಿರಲಿಲ್ಲ.

ಇಂಡಾಫ್-5, ಇಂಡಾಫ್-9ರ ವಂಶದಿಂದಲೇ 1990ರ ದಶಕದಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ಬೆಂಕಿರೋಗ ತಡೆಯುವ ಜಿಪಿಯು-28 ಹುಟ್ಟಿತು. 2017ರಲ್ಲಿ ಅಲ್ಲಿಯ ಶೈಲಜಾ ಹಿಟ್ಟಲಮನಿ ಅವರ ತಂಡ ಎಂಎಲ್-365 ತಳಿಯ ಇಡೀ ಜೀನೋಮ್ ಓದಿ ಪ್ರಕಟಿಸಿತು. ಫಿಲಿಪೈನ್ಸ್‌ನ ಅಕ್ಕಿ ಸಂಶೋಧನಾ ಸಂಸ್ಥೆಯಿಂದ ಆರಂಭವಾದ ಇನ್ನೊಂದು ಯೋಜನೆಯವರು ಸಿ-4 ಎಲೆಯ ವ್ಯವಸ್ಥೆಯನ್ನು ಭತ್ತದೊಳಗೆ ಕೂರಿಸಲು ವರ್ಷಗಟ್ಟಲೆಯಿಂದ ಹೆಣಗುತ್ತಿದ್ದಾರೆ. ಅಂಥ ಭತ್ತ ಇನ್ನೂ ಯಾವ ರೈತನ ಗದ್ದೆಗೂ ಬಂದಿಲ್ಲ.