ಮಾಗಡಿ ರಸ್ತೆಯಲ್ಲಿ ಸಿಡಿದ ವ್ಯಾನು



ರಾಮನಗರವೆಂದರೆ ನಮಗೆ ರೇಷ್ಮೆಗೂಡಿನ ಮಾರುಕಟ್ಟೆ, ಬಂಡೆಬೆಟ್ಟಗಳು. 2018ರ ಆಗಸ್ಟ್‌ನಲ್ಲಿ ರಾಷ್ಟ್ರೀಯ ತನಿಖಾ ದಳವು ಆ ಪಟ್ಟಣದಲ್ಲಿ ಬಾಂಗ್ಲಾದೇಶದ ಜಮಾತ್-ಉಲ್-ಮುಜಾಹಿದೀನ್ ಸಂಘಟನೆಯ ಪ್ರಮುಖನೊಬ್ಬನನ್ನು ಬಂಧಿಸಿದಾಗ ಅನೇಕರು ಬೆಚ್ಚಿಬಿದ್ದರು. 2005ರ ಆಗಸ್ಟ್ 17ರಂದು ಒಂದೇ ದಿನ ತನ್ನ ದೇಶದ 64 ಜಿಲ್ಲೆಗಳ ಪೈಕಿ 63ರಲ್ಲಿ ಬಾಂಬು ಸಿಡಿಸಿದ ಸಂಘಟನೆಯದು. ಪಶ್ಚಿಮ ಬಂಗಾಳದಲ್ಲಿ ಅದರ ಜಾಲ ಬಯಲಾದದ್ದು 2014ರ ಅಕ್ಟೋಬರ್ 2ರಂದು. ಬರ್ದ್ವಾನದ ಖಾಗ್ರಾಗಢದ ಮನೆಯೊಂದರಲ್ಲಿ ಬಾಂಬು ತಯಾರಿಸುತ್ತಿದ್ದವರ ಕೈಯಲ್ಲೇ ಅದು ಸಿಡಿದು ಇಬ್ಬರು ಸತ್ತಾಗ. ಆಗ ತಲೆಮರೆಸಿಕೊಂಡವನೇ ರಾಮನಗರದಲ್ಲಿ ಸಿಕ್ಕಿಬಿದ್ದವನು.

ಮಾಡಿದವರ ಕೈಯಲ್ಲೇ ಸಿಡಿದು ಗುಟ್ಟು ರಟ್ಟಾಗುವುದನ್ನು ಕರ್ನಾಟಕದ ಧರ್ಮಸಭೆ ಅದಕ್ಕೂ ಮುನ್ನ ಕಂಡಿತ್ತು. 2000ದ ಜೂನ್ 8ರಂದು ಗುಲಬರ್ಗಾ ಜಿಲ್ಲೆಯ ವಾಡಿಯ ಕಥೋಲಿಕ ದೇವಾಲಯದಲ್ಲಿ ಸ್ಫೋಟವಾಯಿತು. ಜುಲೈ 8ರಂದು ಹುಬ್ಬಳ್ಳಿಯ ಲೂಥರನ್ ದೇವಾಲಯ, ಮರುದಿನ ಬೆಂಗಳೂರಿನ ಜಗಜೀವನರಾಂ ನಗರದ ಸಂತ ಪೇತ್ರ-ಪೌಲರ ದೇವಾಲಯ. ಅದೇ ರಾತ್ರಿ ಮಾಗಡಿ ರಸ್ತೆಯಲ್ಲಿ ಸಾಗುತ್ತಿದ್ದ ಮಾರುತಿ ವ್ಯಾನೊಂದು ತಾನೇ ಸಿಡಿಯಿತು. ಒಳಗಿದ್ದ ಇಬ್ಬರು ಸತ್ತರು, ಒಬ್ಬ ಗಾಯಗೊಂಡು ಉಳಿದ. ಅವನಿಂದ ತನಿಖೆಯ ದಾರಿ ತೆರೆಯಿತು. ಅವರು ದೀನ್‌ದಾರ್ ಅಂಜುಮನ್ ಎಂಬ ಪಂಥದವರು.

ಜೂನ್ 8ರಿಂದ ಜುಲೈ 9ರವರೆಗಿನ ಆ ಒಂದು ತಿಂಗಳನ್ನು ನೀವು ನೆನೆಯಬೇಕು. ಆಗ ನಮ್ಮವರಲ್ಲಿ ಬಹಳಷ್ಟು ಜನರ ಸಂಶಯ ಹಿಂದೂ ಸಂಘಟನೆಗಳತ್ತ ತಿರುಗಿತ್ತು. ಅದು ಅಕಾರಣವಾಗಿ ಹುಟ್ಟಿದ ಸಂಶಯವೂ ಅಲ್ಲ. 1998ರ ಕೊನೆಗೆ ಗುಜರಾತಿನ ಡಾಂಗ್‌ನಲ್ಲಿ ಪ್ರಾರ್ಥನಾಲಯಗಳ ಮೇಲೆ ದಾಳಿಗಳಾಗಿದ್ದವು. 1999ರ ಜನವರಿಯಲ್ಲಿ ಒಡಿಶಾದಲ್ಲಿ ಗ್ರಹಾಂ ಸ್ಟೇನ್ಸ್ ಅವರನ್ನೂ ಇಬ್ಬರು ಎಳೆಯ ಮಕ್ಕಳನ್ನೂ ಜೀವಂತ ಸುಡಲಾಗಿತ್ತು. ಬಾಂಬಿಟ್ಟವರು ನೆಚ್ಚಿಕೊಂಡದ್ದು ಆ ಗಾಯವನ್ನೇ. ಹಿಂದೂಗಳಿಗೂ ಕ್ರೈಸ್ತರಿಗೂ ಜಗಳ ಹಚ್ಚುವುದೇ ಅವರ ಉದ್ದೇಶವಾಗಿತ್ತೆಂದು ತನಿಖೆ ತಿಳಿಸಿತು. ವ್ಯಾನು ಸಿಡಿಯದೆ ಹೋಗಿದ್ದರೆ? ನಾವು ಇಂದಿಗೂ ತಪ್ಪು ಮನೆಯ ಬಾಗಿಲನ್ನೇ ದಿಟ್ಟಿಸುತ್ತಿದ್ದೆವೇನೋ.

ಈ ಪಂಥದ ಮೂಲ ಇನ್ನೂ ವಿಚಿತ್ರ. 1924ರಲ್ಲಿ ಗದಗಿನಲ್ಲಿ ಇದನ್ನು ಸ್ಥಾಪಿಸಿದ ಸಿದ್ದೀಖ್ ಹುಸೇನ್ ತಮ್ಮನ್ನು ಚನ್ನಬಸವೇಶ್ವರರ ಅವತಾರವೆಂದು ಕರೆದುಕೊಂಡವರು. ಪಂಥವು ಸರ್ವಧರ್ಮ ಸಮ್ಮೇಳನಗಳನ್ನು ನಡೆಸುತ್ತಿತ್ತು. ಐಕ್ಯದ ಮಾತು ನಾಲಿಗೆಯ ಮೇಲಿದ್ದರೂ ಎಲ್ಲರೂ ಕೊನೆಗೆ ತಮ್ಮ ಮತಕ್ಕೇ ಬರಬೇಕೆಂಬ ಹಟ ಒಳಗಿದ್ದರೆ, ಆ ಮಾತು ಎಷ್ಟು ದಿನ ತಡೆದೀತು? 2001ರಲ್ಲಿ ಕೇಂದ್ರ ಸರ್ಕಾರ ಅದನ್ನು ನಿಷೇಧಿಸಿತು. 2008ರಲ್ಲಿ ಬೆಂಗಳೂರಿನ ವಿಶೇಷ ನ್ಯಾಯಾಲಯ 23 ಮಂದಿಗೆ ಶಿಕ್ಷೆ ವಿಧಿಸಿತು. ಮರಣದಂಡನೆಗಳನ್ನು ಹೈಕೋರ್ಟು 2014ರಲ್ಲಿ ಜೀವಾವಧಿಗೆ ಇಳಿಸಿತು.

ಸತ್ಯ ಹೊರಬಿದ್ದ ಬಳಿಕ ಸಂಶಯ ನಿಲ್ಲಲಿಲ್ಲ. ಗುರಿ ಬದಲಿಸಿತು, ಅಷ್ಟೆ. ನೆರೆಯ ಮುಸ್ಲಿಮರೆಲ್ಲರೂ ಉತ್ತರ ಹೇಳಬೇಕೆಂಬ ಮಾತು ಕೆಲವರ ಬಾಯಲ್ಲಿ ಬಂತು. ಚನ್ನಪಟ್ಟಣದ ಗೊಂಬೆ ಮಾಡುವವರಿಗೂ ರಾಮನಗರದ ರೀಲರುಗಳಿಗೂ ಆ ವ್ಯಾನಿಗೂ ಏನು ಸಂಬಂಧ? 2023ರ ಮಾರ್ಚ್ 31ರ ರಾತ್ರಿ ಕನಕಪುರ ತಾಲ್ಲೂಕಿನ ಸಾತನೂರಿನಲ್ಲಿ ಜಾನುವಾರು ಸಾಗಿಸುತ್ತಿದ್ದ ವಾಹನವನ್ನು ತಡೆಯಲಾಯಿತು. ಅದರಲ್ಲಿದ್ದವರೊಬ್ಬರು ಮರುದಿನ ಹೆಣವಾಗಿ ಸಿಕ್ಕರು; ಗೋರಕ್ಷಕರೆಂದು ಹೇಳಿಕೊಳ್ಳುವವರ ಬಂಧನವಾಯಿತು. ಅಂದು ಕನಕಪುರದ ಹಿಂದೂ ನೆರೆಯವರ ಬಳಿ ಯಾರೂ ಹೋಗಿ ಲೆಕ್ಕ ಕೇಳಲಿಲ್ಲ. ಕೇಳಬೇಕಾಗಿಯೂ ಇರಲಿಲ್ಲ.