ದೊಣ್ಣೆ ಹಿಡಿಯೋಕೆ ಯಾವ ದೊಣ್ಣೆನಾಯಕನ ಅಪ್ಪಣೆ ಬೇಕು?

ಜಗಳದಲ್ಲಿ ನಾವೆಲ್ಲ ಸಲೀಸಾಗಿ ಆಡುವ ಮಾತು ಇದು: "ಅದಕ್ಕೆ ಯಾವ ದೊಣ್ಣೆನಾಯಕನ ಅಪ್ಪಣೆ ಬೇಕು?" ಆದರೆ ದೊಣ್ಣೆಗೇ ಅಪ್ಪಣೆ ಬೇಕೋ ಬೇಡವೋ ಅಂತ ಯಾವತ್ತಾದರೂ ಯೋಚಿಸಿದ್ದೀರಾ?

ರಾತ್ರಿ ತೋಟಕ್ಕೆ ನೀರು ಬಿಡಲು ಹೋಗುವವನ ಕೈಯಲ್ಲಿ ದೊಣ್ಣೆ ಇರುತ್ತೆ. ತಡವಾಗಿ ಕೆಲಸ ಮುಗಿಸಿ ಮನೆಗೆ ಬರುವ ಹುಡುಗಿಯ ಬ್ಯಾಗಿನಲ್ಲಿ ಪೆಪ್ಪರ್ ಸ್ಪ್ರೇ ಇರುತ್ತೆ. ಯಾರಾದರೂ ಅಡ್ಡಗಟ್ಟಿದರೆ ಇಬ್ಬರೂ ಮೊದಲು ಮಾಡುವುದು ಒಂದೇ ಕೆಲಸ. ಹೊಡೆಯುವುದಲ್ಲ, ತೋರಿಸುವುದು. "ಹತ್ತಿರ ಬಂದರೆ ನೋಡು" ಅಂತ. ಹೀಗೆ ತೋರಿಸುವುದು ಕಾನೂನಿನ ಕಣ್ಣಲ್ಲಿ ಸರಿಯೋ ತಪ್ಪೋ? ಈ ಪ್ರಶ್ನೆಯ ಹಿಂದೆ ನೂರೈವತ್ತು ವರ್ಷಕ್ಕೂ ಮೀರಿದ ಕತೆಯಿದೆ. ಸ್ವಲ್ಪ ಸಾವಧಾನದಿಂದ ಓದಿ.

1857ರ ದಂಗೆ ಬ್ರಿಟಿಷರ ನಿದ್ದೆಗೆಡಿಸಿತ್ತು. ಜನರ ಕೈಯಿಂದ ಆಯುಧ ಕಿತ್ತುಕೊಳ್ಳುವ ಕೆಲಸ ಆಗಲೇ ಶುರುವಾಯಿತು. ಅದಕ್ಕೆ ಗಟ್ಟಿ ರೂಪ ಬಂದದ್ದು ವೈಸರಾಯ್ ಲಿಟ್ಟನ್ ಕಾಲದ 1878ರ ಶಸ್ತ್ರಾಸ್ತ್ರ ಕಾಯ್ದೆಯಿಂದ. (ದೇಶಭಾಷೆಯ ಪತ್ರಿಕೆಗಳನ್ನು ಹತ್ತಿಕ್ಕುವ ಕಾಯ್ದೆಯೂ ಅದೇ ವರ್ಷದ್ದು. ಕೈಗೂ ಬೀಗ, ಬಾಯಿಗೂ ಬೀಗ!) ಬಂದೂಕು, ಬಯೊನೆಟ್, ಕತ್ತಿ, ಬಾಕು, ಈಟಿ, ಬಿಲ್ಲುಬಾಣ, ಫಿರಂಗಿ ಎಲ್ಲವೂ ಆ ಕಾಯ್ದೆಯ ಪಟ್ಟಿಯಲ್ಲಿದ್ದವು. ಲೈಸೆನ್ಸ್ ಇಲ್ಲದೆ ಇವನ್ನು ಧರಿಸಿ ಓಡಾಡುವುದೇ ಅಪರಾಧ. ಯಾರ ಮೈಮೇಲೂ ಒಂದು ಗೀರು ಬೀಳದಿದ್ದರೂ ಅಪರಾಧವೇ.

ಆದರೆ ಎಲ್ಲರಿಗೂ ಅಲ್ಲ. ಯುರೋಪಿಯನ್ನರಿಗೆ ವಿನಾಯಿತಿ ಇತ್ತು. ಒಂದೇ ಕತ್ತಿ, ಹಿಡಿದ ಕೈಯ ಬಣ್ಣ ಬೇರೆಯಾದರೆ ಕಾನೂನೂ ಬೇರೆ. ಭಾರತೀಯರಿಗೆ ಇದು ನೆಟ್ಟಗೆ ಎದೆಗೆ ಚುಚ್ಚಿತು. 1887ರಲ್ಲಿ ಮದರಾಸಿನಲ್ಲಿ ಸೇರಿದ ಕಾಂಗ್ರೆಸ್ಸು ಈ ಕಾಯ್ದೆಯ ವಿರುದ್ಧ ನಿರ್ಣಯವನ್ನೇ ಮಾಡಿತು.

ಯಾರ ಮೇಲೆ ನಂಬಿಕೆಯೋ ಅವರಿಗೆ ಆಯುಧ ಅನ್ನುವ ಈ ಲೆಕ್ಕಾಚಾರಕ್ಕೆ ನಮ್ಮ ನೆಲದಲ್ಲೂ ಒಂದು ಉದಾಹರಣೆ ಇದೆ. 1861ರಲ್ಲಿ ಕಮಿಷನರ್ ಮಾರ್ಕ್ ಕಬ್ಬನ್ (ಹೌದು, ಕಬ್ಬನ್ ಪಾರ್ಕಿನ ಕಬ್ಬನ್ನೇ) ಕೊಡಗಿನವರಿಗೆ ಆಯುಧ ನಿರ್ಬಂಧದಿಂದ ವಿನಾಯಿತಿ ಕೊಟ್ಟ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಆ ವಿನಾಯಿತಿ ಇವತ್ತಿಗೂ ಇದೆ. ಕೇಂದ್ರ ಸರ್ಕಾರ 2019ರಲ್ಲಿ ಅದನ್ನು ಹತ್ತು ವರ್ಷ ಮುಂದುವರಿಸಿತು, 2021ರಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಕೋವಿ ಪ್ರಾಣ ತೆಗೆಯುವ ಆಯುಧ, ನಮ್ಮ ಇವತ್ತಿನ ವಿಷಯ ಅದಲ್ಲ. ಆದರೆ ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗೆ ಹೂವಿಟ್ಟು ಪೂಜೆ ಮಾಡುವವರನ್ನೂ, ಮದುವೆಯಲ್ಲಿ ಸೊಂಟಕ್ಕೆ ಪೀಚೆಕತ್ತಿ ಸಿಕ್ಕಿಸಿಕೊಂಡು ನಿಲ್ಲುವ ಗಂಡನ್ನೂ ನೋಡಿ. ಆಯುಧವನ್ನು ಎಲ್ಲರ ಎದುರು ಧರಿಸುವುದು ಬರೀ ಹೆದರಿಸಲಿಕ್ಕಲ್ಲ, ಅದೊಂದು ಮರ್ಯಾದೆ. ಆ ಮರ್ಯಾದೆಯನ್ನೇ 1878ರ ಕಾಯ್ದೆ ಉಳಿದವರಿಂದ ಕಿತ್ತುಕೊಂಡದ್ದು.

ಇರಲಿ, ದೊಣ್ಣೆಗೆ ಬರೋಣ. ಮೇಲಿನ ಪಟ್ಟಿಯನ್ನು ಇನ್ನೊಮ್ಮೆ ನೋಡಿ. ಅದರಲ್ಲಿ ದೊಣ್ಣೆ ಇಲ್ಲ! ಸಾಮ್ರಾಜ್ಯ ಕೂಡ ರೈತನ ಕೈಯಿಂದ ದನ ಕಾಯುವ ಕೋಲನ್ನು ಕಿತ್ತುಕೊಳ್ಳಲು ಹೋಗಲಿಲ್ಲ. ಹೀಗಾಗಿ ಲೈಸೆನ್ಸ್ ಸಿಗದ ಬಡವನಿಗೆ ಉಳಿದ ಆಯುಧ ಅದೊಂದೇ.

ಸ್ವರಾಜ್ಯ ಬಂದರೆ ಇದೆಲ್ಲ ಬದಲಾಗುತ್ತೆ ಅಂತ ಆಸೆ ಇತ್ತು. 1931ರ ಕರಾಚಿ ಕಾಂಗ್ರೆಸ್ಸಿನ ಮೂಲಭೂತ ಹಕ್ಕುಗಳ ನಿರ್ಣಯದಲ್ಲಿ, ನಿಯಮಗಳಿಗೆ ಒಳಪಟ್ಟು ಆಯುಧ ಇಟ್ಟುಕೊಳ್ಳುವ ಹಕ್ಕೂ ಸೇರಿತ್ತು. 1948ರ ಡಿಸೆಂಬರಿನಲ್ಲಿ ಸಂವಿಧಾನ ಸಭೆಯಲ್ಲಿ ಈ ಮಾತನ್ನು ನೆನಪಿಸಿ, ಅದನ್ನು ಮೂಲಭೂತ ಹಕ್ಕುಗಳಲ್ಲಿ ಸೇರಿಸಿ ಎಂದು ತಿದ್ದುಪಡಿ ತಂದವರು ಹರಿ ವಿಷ್ಣು ಕಾಮತ್. ಇವರು ಹುಟ್ಟಿದ್ದು ನಮ್ಮ ಮಂಗಳೂರಿನಲ್ಲಿ. ಅಂಬೇಡ್ಕರ್ ಒಪ್ಪಲಿಲ್ಲ, ತಿದ್ದುಪಡಿ ಬಿದ್ದುಹೋಯಿತು. ದೇಶವಿಭಜನೆಯ ರಕ್ತ ಇನ್ನೂ ಆರಿರಲಿಲ್ಲ ಅನ್ನುವುದನ್ನು ಮರೆಯಬೇಡಿ. ಕೊನೆಗೆ ಸಂವಿಧಾನದ 19ನೇ ವಿಧಿಯಲ್ಲಿ ನಮಗೆ ಸಿಕ್ಕಿದ್ದು ಶಾಂತಿಯಿಂದ, ಆಯುಧವಿಲ್ಲದೆ ಸಭೆ ಸೇರುವ ಹಕ್ಕು. ಸಿಖ್ಖರ ಕಿರ್ಪಾಣಕ್ಕೆ ಮಾತ್ರ 25ನೇ ವಿಧಿಯ ವಿವರಣೆಯಲ್ಲೇ ಜಾಗ ಸಿಕ್ಕಿತು.

ಆಮೇಲೆ 1959ರ ಶಸ್ತ್ರಾಸ್ತ್ರ ಕಾಯ್ದೆ ಬಂತು, 1962ರಲ್ಲಿ ಜಾರಿಯಾಯಿತು. ಆಯುಧ ಅಂದರೇನು ಅಂತ ವಿವರಿಸುವಾಗ ಈ ಕಾಯ್ದೆ ದೊಣ್ಣೆಯನ್ನು ಹೆಸರು ಹಿಡಿದೇ ಹೊರಗಿಟ್ಟಿತು. ಲಾಠಿ, ಸಾಧಾರಣ ಊರುಗೋಲು ಮುಂತಾದ, ಮನೆಬಳಕೆಗೆ ಅಥವಾ ಬೇಸಾಯಕ್ಕೆ ಮಾತ್ರ ಮಾಡಿದ ವಸ್ತುಗಳು ಆಯುಧಗಳಲ್ಲ ಅನ್ನುತ್ತೆ ಅದು. ಅಂದರೆ ನಮ್ಮ ಓಬವ್ವನ ಒನಕೆಗೆ ಲೈಸೆನ್ಸ್ ಬೇಕಿಲ್ಲ :-) ತಮಾಷೆ ಏನು ಗೊತ್ತಾ? ಕಾನೂನಿನ ಪ್ರಕಾರ ಮನೆಬಳಕೆಯ ಈ ಲಾಠಿಯನ್ನೇ ಹಿಡಿದು ಪೊಲೀಸರು ಲಾಠಿಚಾರ್ಜ್ ಮಾಡುತ್ತಾರೆ!

ಹಾಗಂತ ದೊಣ್ಣೆಗೆ ಯಾವಾಗಲೂ ಬಿಡುವಿದೆ ಅಂದುಕೊಳ್ಳಬೇಡಿ. ಗಲಭೆಯ ಭಯವಿದ್ದಾಗ 1963ರ ಕರ್ನಾಟಕ ಪೊಲೀಸ್ ಕಾಯ್ದೆಯ 35ನೇ ಕಲಮಿನಡಿ ಅಧಿಕಾರಿಗಳು ಕತ್ತಿ, ಈಟಿಗಳ ಜೊತೆಗೆ ದೊಣ್ಣೆ ಹಿಡಿದು ಓಡಾಡುವುದನ್ನೂ ನಿಷೇಧಿಸಬಹುದು. ನಿನ್ನೆ ಊರುಗೋಲಾಗಿದ್ದದ್ದು ನಿಷೇಧಾಜ್ಞೆಯ ದಿನ ಆಯುಧವಾಗಿಬಿಡುತ್ತೆ. ಕೋಲು ಬದಲಾಗಲಿಲ್ಲ, ದಿನ ಬದಲಾಯಿತು ಅಷ್ಟೆ.

ಇನ್ನು ತೋರಿಸುವ ಮಾತು. ಇದಕ್ಕೆ ಉತ್ತರ ಇರುವುದು ಶಸ್ತ್ರಾಸ್ತ್ರ ಕಾಯ್ದೆಯಲ್ಲಲ್ಲ, 1860ರ ದಂಡಸಂಹಿತೆಯ ಆತ್ಮರಕ್ಷಣೆಯ ಕಲಮುಗಳಲ್ಲಿ. 96ರಿಂದ 106ರವರೆಗೆ ಇದ್ದ ಅವು 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44 ಆಗಿವೆ. ಅಲ್ಲಿ ಒಂದು ಬಹಳ ಮುಖ್ಯವಾದ ಮಾತಿದೆ. ಮೈಮೇಲೆ ಏಟು ಬೀಳುವವರೆಗೆ ಕಾಯಬೇಕಿಲ್ಲ. ಎದುರಿನವನ ಪ್ರಯತ್ನದಿಂದಲೋ ಬೆದರಿಕೆಯಿಂದಲೋ ಅಪಾಯದ ಭಯ ಹುಟ್ಟಿ, ಆ ಭಯಕ್ಕೆ ನ್ಯಾಯವಾದ ಕಾರಣವಿದ್ದರೆ, ಆ ಕ್ಷಣದಿಂದಲೇ ನಮ್ಮ ಹಕ್ಕು ಶುರು. ಭಯ ಇರುವವರೆಗೆ ಹಕ್ಕೂ ಇರುತ್ತೆ. ರಕ್ಷಣೆಗೆ ಎಷ್ಟು ಬೇಕೋ ಅಷ್ಟೇ, ಅದಕ್ಕಿಂತ ಹೆಚ್ಚು ಏಟು ಕೊಡುವ ಹಾಗಿಲ್ಲ. ಹೊಡೆಯುವುದಕ್ಕೇ ಹಕ್ಕಿರುವ ಗಳಿಗೆಯಲ್ಲಿ ದೊಣ್ಣೆ ಎತ್ತಿ ತೋರಿಸಿ ನಿಲ್ಲಿಸುವುದಕ್ಕೆ ಇರದೇ ಇರುತ್ತದೆಯೇ? ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಆದರೆ ಅದೇ ದೊಣ್ಣೆಯನ್ನು ಸಾಲ ವಸೂಲಿಗೋ ಬೇಲಿ ಜಗಳಕ್ಕೋ ತೋರಿಸಿದರೆ ಅದು ಬೆದರಿಕೆಯ ಅಪರಾಧ.

ಪೆಪ್ಪರ್ ಸ್ಪ್ರೇಗೂ ಇದೇ ಅಳತೆ. ಅದನ್ನು ಬ್ಯಾಗಿನಲ್ಲಿ ಇಟ್ಟುಕೊಳ್ಳಲು ನಮ್ಮಲ್ಲಿ ಲೈಸೆನ್ಸ್ ಕೇಳುವುದಿಲ್ಲ (ಬ್ರಿಟನ್ನಿನಲ್ಲಿ 1968ರ ಕಾಯ್ದೆಯಡಿ ಅದು ನಿಷಿದ್ಧ ಆಯುಧ). ಆದರೆ 2014ರ ಫೆಬ್ರವರಿ 13ರಂದು ತೆಲಂಗಾಣ ಮಸೂದೆಯ ಗದ್ದಲದಲ್ಲಿ ಸಂಸದರೊಬ್ಬರು ಲೋಕಸಭೆಯೊಳಗೇ ಪೆಪ್ಪರ್ ಸ್ಪ್ರೇ ಹೊಡೆದು, ಅದನ್ನೂ ಆತ್ಮರಕ್ಷಣೆ ಅಂದರು. 2024ರ ಮೇ ತಿಂಗಳಲ್ಲಿ ಕರ್ನಾಟಕ ಹೈಕೋರ್ಟಿನ ಮುಂದೆ ಒಂದು ಮೊಕದ್ದಮೆ ಬಂತು. ಆಸ್ತಿಯ ತಕರಾರಿನಲ್ಲಿ ಕಾವಲುಗಾರನ ಮೇಲೆ ಸ್ಪ್ರೇ ಹೊಡೆದರೆಂಬ ಆರೋಪ. ಪ್ರಾಣಕ್ಕೆ ತಕ್ಷಣದ ಅಪಾಯ ಇರಲಿಲ್ಲವಾದ್ದರಿಂದ ಆತ್ಮರಕ್ಷಣೆಯ ವಾದ ನಿಲ್ಲದು, ಮೇಲ್ನೋಟಕ್ಕೆ ಪೆಪ್ಪರ್ ಸ್ಪ್ರೇ ಕೂಡ ಅಪಾಯಕಾರಿ ಆಯುಧವೇ ಎಂದ ಕೋರ್ಟು ಪ್ರಕರಣ ರದ್ದು ಮಾಡಲು ಒಪ್ಪಲಿಲ್ಲ.

ಇದನ್ನು ಓದಿ ಹೆಣ್ಣುಮಕ್ಕಳು ಸ್ಪ್ರೇಯನ್ನು ಮನೆಯಲ್ಲೇ ಬಿಟ್ಟು ಹೊರಡಬೇಕಿಲ್ಲ. ಕೋರ್ಟು ಕೇಳಿದ್ದು ಡಬ್ಬಿ ಯಾಕಿತ್ತು ಅಂತಲ್ಲ, ಅದನ್ನು ಒತ್ತಿದ ಗಳಿಗೆಯಲ್ಲಿ ಎದುರಿಗೆ ಏನಿತ್ತು ಅಂತ. 1878ರ ಕಾನೂನು ಹಿಡಿದ ಕೈಯ ಬಣ್ಣ ನೋಡುತ್ತಿತ್ತು. ಇವತ್ತಿನ ಕಾನೂನು ಆ ಕೈ ಯಾಕೆ ಎದ್ದಿತು ಅಂತ ಕೇಳುತ್ತೆ. ಕೇಳಬೇಕಾದ ಪ್ರಶ್ನೆ ಅದೇ. ಆದರೆ ಕತ್ತಲ ಬೀದಿಯಲ್ಲಿ ಒಬ್ಬಳೇ ನಿಂತವಳ ಭಯ ಎಷ್ಟು ನ್ಯಾಯವಾದದ್ದು ಅಂತ ಅಳೆಯುವವರು ಠಾಣೆಯಲ್ಲಿ, ಕೋರ್ಟಿನಲ್ಲಿ ದೀಪದ ಬೆಳಕಲ್ಲಿ ಕೂತಿರುತ್ತಾರೆ. ಅಳೆಯುವಾಗ ಆ ಕತ್ತಲೂ ಅವರಿಗೆ ನೆನಪಿರಬೇಕು.

ನಿಮಗೇನನ್ನಿಸುತ್ತೆ?